ಸಂದರ್ಭ, ಪ್ರಸಂಗ, ಪ್ರಕರಣ: ವಚನಗಳನ್ನು ಓದುವವರಿಗಾಗಿ

ನಮ್ಮ ಪ್ರೌಢಶಾಲೆಗಳ ಕನ್ನಡ ಪ್ರಶ್ನಪತ್ರಿಕೆಯಲ್ಲಿ ಕೆಲವು ವಾಕ್ಯಗಳನ್ನು ಕೊಟ್ಟು ಸಂದರ್ಭದೊಡನೆ ವಿವರಿಸಿರಿ ಎಂದು ಕೇಳುವ ಪದ್ಧತಿ ಬಹುಕಾಲದಿಂದ ನಡೆದುಬಂದಿರುವುದು ವಾಚಕರಿಗೆ ತಿಳಿದ ಸಂಗತಿಯೇ. ಉತ್ತರ ಬರೆಯುವ ಕ್ರಮವೂ ನಿಯತವಾದುದು: ಮೊದಲು ಆಯ್ಕೆ, ಅನಂತರ ಸಂದರ್ಭ, ಕೊನೆಗೆ ಸ್ವಾರಸ್ಯ. ಮೂವತ್ತು ವರ್ಷಗಳಿಗೂ ಮಿಕ್ಕು ನಾನು ಇದನ್ನೇ ಕಲಿಸಿದೆನು. ಆದರೆ ಸಂದರ್ಭವೆಂದರೇನು ಎಂದು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳುವಂತೆ ಮಾಡಿದುದು ಒಂದು ಉತ್ತರಪತ್ರಿಕೆ.

ಆ ವರ್ಷ ಅರ್ಧವಾರ್ಷಿಕ ಪರೀಕ್ಷೆಗೆ ಮಹಾದೇವಿಯಕ್ಕನವರ ಸುಪ್ರಸಿದ್ಧ ವಚನವೊಂದರ ಸಾಲನ್ನು ಕೊಟ್ಟಿದ್ದೆನು. ಬೆಟ್ಟದಲ್ಲಿ, ಕಡಲ ದಡದಲ್ಲಿ, ಸಂತೆಯಲ್ಲಿ ಮನೆಮಾಡಿಕೊಂಡವರ ದೃಷ್ಟಾಂತವನ್ನು ಕೊಟ್ಟು, ಸ್ತುತಿನಿಂದೆಗಳು ಬಂದಾಗ ಮನಸ್ಸು ಹೇಗಿರಬೇಕೆಂಬುದನ್ನು ತಿಳಿಸುವ ವಚನವದು. ಅಕ್ಕನವರು ಉಡುತಡಿಯನ್ನು ಬಿಟ್ಟು ಹೊರಟಾಗ ದಾರಿಯಲ್ಲಿ ಜನರು ನಿಂದಿಸಲು, ಅವರಿಗೆ ಉತ್ತರವಾಗಿ ಈ ಮಾತನ್ನು ಆಡಿದರೆಂದು ನಾನು ತರಗತಿಯಲ್ಲಿ ಟಿಪ್ಪಣಿ ಬರೆಯಿಸಿದ್ದೆನು. ಆ ಟಿಪ್ಪಣಿ ನನ್ನದಲ್ಲ. ನನಗಿಂತ ಮೊದಲಿದ್ದ ಉಪಾಧ್ಯಾಯರಿಂದ ಬಂದುದು, ಅವರಿಗೆ ಯಾವುದೋ ಕೈಪಿಡಿಯಿಂದ ಬಂದುದು. ಎಲ್ಲರೂ ಅದನ್ನೇ ಬರೆದರು. ಒಬ್ಬ ಹುಡುಗ ಮಾತ್ರ, ಓದಿನಲ್ಲಿ ಮುಂದಿದ್ದವನೇನೂ ಅಲ್ಲ, ಸಂದರ್ಭವೆಂಬ ಕಡೆ ಹೀಗೆ ಬರೆದಿದ್ದನು: ‘ಇದನ್ನು ಅಕ್ಕ ಜನರಿಗೆ ಹೇಳಿಲ್ಲ, ಚೆನ್ನಮಲ್ಲಿಕಾರ್ಜುನನಿಗೆ ಹೇಳಿದ್ದಾಳೆ. ಎಲ್ಲಿ ಹೇಳಿದಳು ಎಂದು ಪಾಠದಲ್ಲಿಲ್ಲ.’ ನಾನು ಆ ಎರಡು ವಾಕ್ಯಗಳ ಮೇಲೆ ಕೆಂಪು ಗೆರೆ ಎಳೆದು ಸೊನ್ನೆ ಹಾಕಿದೆನು. ಪತ್ರಿಕೆಯನ್ನು ಹಿಂದಕ್ಕೆ ಕೊಟ್ಟಾಗ ಅವನು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಗದರಿಸಿ ಕೂರಿಸುತ್ತಿದ್ದೆನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆ ವಚನವನ್ನು ಬಾಯಿಪಾಠದ ಹೊರಗೆ ನಿಂತು ನಿಧಾನವಾಗಿ ಓದಿದುದು ಎಷ್ಟೋ ವರ್ಷಗಳ ಮೇಲೆ. ಆಗ ತಿಳಿದುದು, ಹುಡುಗ ಬರೆದುದು ಸರಿ, ನಾನು ಬರೆಯಿಸಿದುದು ಪ್ರಮಾಣವಿಲ್ಲದ ಮಾತು ಎಂದು.

ಈ ತಪ್ಪು ನನ್ನೊಬ್ಬನದಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಇದರ ಬೇರು ನಮ್ಮ ಶಬ್ದಬಳಕೆಯಲ್ಲಿದೆ. ಸಂದರ್ಭ, ಪ್ರಸಂಗ, ಪ್ರಕರಣ, ಸನ್ನಿವೇಶ, ಹಿನ್ನೆಲೆ ಎಂಬ ಮಾತುಗಳನ್ನು ನಾವು ಒಂದರ ಬದಲಿಗೆ ಒಂದನ್ನು ಧಾರಾಳವಾಗಿ ಬಳಸುತ್ತೇವೆ. ದಿನದ ವ್ಯವಹಾರಕ್ಕೆ ಅದರಿಂದ ಬಾಧಕವಿಲ್ಲ. ಆದರೆ ವಚನದಂತಹ ಬಿಡಿಬಿಡಿಯಾದ ಉಕ್ತಿಗಳನ್ನು ಅರ್ಥಮಾಡಿಕೊಳ್ಳುವಾಗ ಇವುಗಳ ಭೇದವನ್ನು ಮರೆತರೆ ಅರ್ಥವೇ ಪಲ್ಲಟವಾಗುತ್ತದೆ.

ಮೊದಲು ಸಂದರ್ಭವೆಂಬ ಶಬ್ದವನ್ನೇ ನೋಡೋಣ. ಇದರ ಮೂಲ ಸಂಸ್ಕೃತದ ‘ದೃಭ್’ ಧಾತು. ಪೋಣಿಸು, ಕಟ್ಟು, ಹೆಣೆ ಎಂದು ಅದರ ಅರ್ಥ. ‘ಸಮ್’ ಎಂಬ ಉಪಸರ್ಗ ಸೇರಿ ಚೆನ್ನಾಗಿ ಕೂಡಿಸಿ ಹೆಣೆದುದು ಸಂದರ್ಭವಾಯಿತು. ಆದ್ದರಿಂದ ಹಳೆಯ ಬಳಕೆಯಲ್ಲಿ ಸಂದರ್ಭವೆಂದರೆ ರಚನೆ, ಗ್ರಂಥ ಎಂದೇ ಅರ್ಥ. 16ನೆಯ ಶತಮಾನದಲ್ಲಿ ಗೌಡೀಯ ವೈಷ್ಣವರಾದ ಜೀವಗೋಸ್ವಾಮಿಗಳು ಬರೆದ ಆರು ಪ್ರಬಂಧಗಳಿಗೆ ‘ಷಟ್‌ಸಂದರ್ಭ’ವೆಂಬ ಹೆಸರಿರುವುದು ಈ ಅರ್ಥದಲ್ಲಿಯೇ. ಗ್ರಂಥವೆಂಬ ಮಾತಿನಲ್ಲಿಯೂ ಕಟ್ಟುವ, ಗಂಟಿಕ್ಕುವ ಭಾವವೇ ಇದೆಯಷ್ಟೆ. ಇಂಗ್ಲಿಷರ ‘ಕಾಂಟೆಕ್ಸ್ಟ್’ ಎಂಬ ಶಬ್ದವೂ ಲ್ಯಾಟಿನ್ನಿನಲ್ಲಿ ‘ಕೂಡಿಸಿ ನೇಯು’ ಎಂಬರ್ಥದ ಕ್ರಿಯಾಪದದಿಂದ ಹುಟ್ಟಿದುದೆಂಬುದನ್ನು ಕಂಡಾಗ, ಎರಡು ದೂರದ ನಾಡುಗಳವರು ಒಂದೇ ಮಗ್ಗದ ಮುಂದೆ ಕುಳಿತಂತೆ ತೋರುತ್ತದೆ. ಜೇಡರ ದಾಸಿಮಯ್ಯಗಳು ಕೇಳಿದ್ದರೆ ಮೆಚ್ಚುತ್ತಿದ್ದರೇನೋ! ಇರಲಿ. ಇಲ್ಲಿ ಗಮನಿಸತಕ್ಕುದೇನೆಂದರೆ, ಸಂದರ್ಭವು ಮಾತಿನ ಹೊರಗಿರುವ ಕಥೆಯಲ್ಲ. ಮಾತು ಯಾವ ನೇಯ್ಗೆಯಲ್ಲಿ ಎಳೆಯಾಗಿ ಸೇರಿದೆಯೋ ಆ ನೇಯ್ಗೆ. ಒಂದು ಸಾಲಿನ ಸಂದರ್ಭವನ್ನು ಮೊದಲು ಹುಡುಕಬೇಕಾದುದು ಅದರ ಹಿಂದಿನ ಮತ್ತು ಮುಂದಿನ ಸಾಲುಗಳಲ್ಲಿ. ಪೂರ್ವಾಪರವೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ಪ್ರಸಂಗ ಬೇರೆಯೇ ಜಾತಿಯ ಶಬ್ದ. ‘ಸಂಜ್’ ಎಂದರೆ ಅಂಟು, ತಗುಲು. ಸಂಗ, ಆಸಂಗ, ಆನುಷಂಗಿಕ ಎಲ್ಲವೂ ಆ ಬೇರಿನವೇ. ಒಂದಕ್ಕೆ ತಗುಲಿಕೊಂಡು ಒದಗಿಬಂದುದು ಪ್ರಸಂಗ. ಜೈಮಿನಿ ಸೂತ್ರಗಳ ಹನ್ನೆರಡು ಅಧ್ಯಾಯಗಳಲ್ಲಿ ಕೊನೆಯದು ಪ್ರಸಂಗವನ್ನು ಕುರಿತುದು. ಒಂದರ ಸಲುವಾಗಿ ಮಾಡಿದುದು ಇನ್ನೊಂದಕ್ಕೂ ಉಪಕಾರವಾಗುವುದೇ ಅಲ್ಲಿ ಪ್ರಸಂಗವೆನಿಸುತ್ತದೆ. ಮನೆಯೊಳಗೆ ಹಚ್ಚಿದ ದೀಪ ಬೀದಿಗೂ ಬೆಳಕು ಚೆಲ್ಲುವಂತೆ. ತೆಲುಗು ತಮಿಳುಗಳಲ್ಲಿ ಈ ಶಬ್ದಕ್ಕೆ ಭಾಷಣವೆಂಬ ಅರ್ಥ ಬಂದಿದೆ. ಕನ್ನಡದಲ್ಲಿ ಯಕ್ಷಗಾನದವರು ಆಡುವ ಕಥೆಗೆ ಪ್ರಸಂಗವೆನ್ನುತ್ತಾರೆ. ಹೊತ್ತಿಗೆ ಸರಿಯಾಗಿ ಬುದ್ಧಿ ಓಡುವುದಕ್ಕೆ ಪ್ರಸಂಗಾವಧಾನವೆನ್ನುತ್ತೇವೆ. ಸಲ್ಲದ ಕಡೆ ಬಾಯಿ ಹಾಕುವವನನ್ನು ಅಧಿಕಪ್ರಸಂಗಿಯೆಂದು ಬಯ್ಯುತ್ತೇವೆ. ಈ ಎಲ್ಲ ಬಳಕೆಗಳಲ್ಲಿಯೂ ಮಾತಿಗೆ ಒಂದು ನಿಮಿತ್ತ, ಎದುರಿಗೆ ಒಬ್ಬ ಕೇಳುವವನು, ಒಂದು ಸಮಯೋಚಿತತೆ ಉಂಟು. ಅಂದರೆ ಪ್ರಸಂಗವು ಮಾತಿಗೆ ಹೊರಗಿನಿಂದ ಬಂದು ಅಂಟಿಕೊಳ್ಳುವಂತಹುದು. ಅಂಟಿದುದನ್ನು ಬಿಡಿಸಲೂ ಬಹುದು. ಬೇರೊಂದನ್ನು ಅಂಟಿಸಲೂ ಬಹುದು. ನೇಯ್ಗೆಯ ಎಳೆಯನ್ನು ಹಾಗೆ ಬಿಡಿಸಲು ಬಾರದು.

ಪ್ರಕರಣವೆಂದೊಡನೆ ಇಂದಿನವರಿಗೆ ಪೊಲೀಸ್ ಠಾಣೆಯೋ ನ್ಯಾಯಾಲಯವೋ ನೆನಪಾಗುತ್ತದೆ. ನಾಟಕಶಾಸ್ತ್ರ ಓದಿದವರಿಗೆ ‘ಮೃಚ್ಛಕಟಿಕ’ದಂತಹ ರೂಪಕಪ್ರಭೇದ ನೆನಪಾಗುತ್ತದೆ. ಶಾಸ್ತ್ರಗಳಲ್ಲಿ ಇದಕ್ಕೆ ಪ್ರಾರಂಭಿಸಿ ನಡೆಯುತ್ತಿರುವ ವಿಷಯ, ಪ್ರಸ್ತುತ ಅಧಿಕಾರ ಎಂದರ್ಥ. ಇದಕ್ಕೆ ಹಿಂದಿನವರು ಕೊಡುವ ಉದಾಹರಣೆ ಸ್ವಾರಸ್ಯವಾದುದು. ಸೈಂಧವವೆಂದರೆ ಉಪ್ಪು, ಸಿಂಧುದೇಶದ ಕುದುರೆಯೂ ಹೌದು. ಊಟಕ್ಕೆ ಕುಳಿತ ಯಜಮಾನನು ಸೈಂಧವವನ್ನು ತಾ ಎಂದರೆ ಆಳು ಉಪ್ಪನ್ನು ತರಬೇಕು. ಪ್ರಯಾಣಕ್ಕೆ ಹೊರಟು ನಿಂತು ಅದೇ ಮಾತನ್ನಾಡಿದರೆ ಕುದುರೆಯನ್ನು ತರಬೇಕು. ಶಬ್ದ ಒಂದೇ, ಪ್ರಕರಣ ಬೇರೆ. ಅನೇಕಾರ್ಥವುಳ್ಳ ಶಬ್ದಕ್ಕೆ ಅರ್ಥವನ್ನು ನಿಯಮಿಸುವ ಸಾಧನಗಳನ್ನು ಭರ್ತೃಹರಿಯು ‘ವಾಕ್ಯಪದೀಯ’ದಲ್ಲಿ ಎಣಿಸುವಾಗ ಪ್ರಕರಣವನ್ನು ಮಾತ್ರ ಹೇಳಿ ನಿಲ್ಲಿಸುವುದಿಲ್ಲ. ಜೊತೆಯಲ್ಲಿರುವ ಶಬ್ದ, ಔಚಿತ್ಯ, ದೇಶ, ಕಾಲ, ಸ್ವರ ಮೊದಲಾದವನ್ನೂ ಸೇರಿಸುತ್ತಾನೆ. ನಾವು ಒಂದೇ ಮಾತಿನಲ್ಲಿ ಸಂದರ್ಭವೆಂದು ಮುಗಿಸಿಬಿಡುವುದನ್ನು ಅವನು ಹೀಗೆ ಬಿಡಿಸಿಟ್ಟನು.

ಇದಕ್ಕಿಂತಲೂ ನಮಗೆ ಹೆಚ್ಚು ಪ್ರಯೋಜನಕರವಾದುದು ಜೈಮಿನಿಯ ಒಂದು ನಿಯಮ. ವಾಕ್ಯಾರ್ಥದ ನಿರ್ಣಯಕ್ಕೆ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂದು ಆರು ಪ್ರಮಾಣಗಳು. ಒಂದಕ್ಕೊಂದು ವಿರೋಧ ಬಂದರೆ ಹಿಂದಿನದು ಬಲಿಷ್ಠ, ಮುಂದಿನದು ದುರ್ಬಲ. (ಇಲ್ಲಿ ಲಿಂಗವೆಂದರೆ ಶಬ್ದದಲ್ಲಿರುವ ಅರ್ಥಸಾಮರ್ಥ್ಯ, ನಮ್ಮ ಮಠದ ಓದುಗರು ಇಷ್ಟಲಿಂಗವೆಂದೂ, ಶಾಲೆಯ ಮಕ್ಕಳು ಪುಲ್ಲಿಂಗ ಸ್ತ್ರೀಲಿಂಗವೆಂದೂ ತಿಳಿಯದಿರಲಿ. ಸಂದರ್ಭದ ಅವಶ್ಯಕತೆಗೆ ಇದೇ ಒಂದು ನಿದರ್ಶನ.) ಯಾಗದ ವಿಧಿಗಳನ್ನು ನಿರ್ಣಯಿಸಲು ಹುಟ್ಟಿದ ನಿಯಮವನ್ನು, ಆ ಕರ್ಮಮಾರ್ಗವನ್ನೇ ಒಪ್ಪದ ಶರಣರ ವಚನಗಳಿಗೆ ತರುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ನಾನು ತರುತ್ತಿರುವುದು ಯಾಗವನ್ನಲ್ಲ, ಓದುವ ಶಿಸ್ತನ್ನು. ಈ ಶ್ರೇಣಿಯಲ್ಲಿ ವಾಕ್ಯವು ಪ್ರಕರಣಕ್ಕಿಂತ ಮೇಲೆ ನಿಂತಿದೆ. ವಾಕ್ಯವು ತಾನೇ ಸ್ಪಷ್ಟವಾಗಿ ಹೇಳುವುದನ್ನು ಸುತ್ತಲಿನ ವಿಷಯವು ತಳ್ಳಿಹಾಕಲಾರದು. ಎಲ್ಲಕ್ಕಿಂತ ಕೆಳಗಿರುವುದು ಸಮಾಖ್ಯೆ, ಅಂದರೆ ಹೆಸರು. ನಮ್ಮ ಪಠ್ಯಪುಸ್ತಕದವರು ವಚನಗಳ ಪಾಠಕ್ಕೆ ಇಡುವ ಶೀರ್ಷಿಕೆಯಿಂದಲೇ ಮಕ್ಕಳು ಅರ್ಥವನ್ನು ಊಹಿಸುವುದನ್ನು ನೋಡಿದಾಗಲೆಲ್ಲ ನನಗೆ ಈ ಶ್ರೇಣಿ ನೆನಪಾಗುತ್ತದೆ.

ಉಳಿದ ಶಬ್ದಗಳಿಗೆ ಹೆಚ್ಚು ಮಾತು ಬೇಕಿಲ್ಲ. ಸನ್ನಿವೇಶವೆಂದರೆ ಒಂದೆಡೆ ಸೇರಿ ನೆಲೆಗೊಂಡ ಸ್ಥಿತಿ. ಯಾರು, ಎಲ್ಲಿ, ಹೇಗೆ ನಿಂತಿದ್ದರೆಂಬ ಕಣ್ಣಿಗೆ ಕಾಣುವ ಚಿತ್ರ. ಹಿನ್ನೆಲೆ ಅಚ್ಚಗನ್ನಡ ಮಾತು. ಯುಗ, ಸಮಾಜ, ಮತಗಳ ವಿಶಾಲವಾದ ಹಿಂಬದಿ. ಅವಸರವೆಂಬುದಕ್ಕೆ ತಕ್ಕ ಸಮಯವೆಂದು ಹಿಂದೆ ಅರ್ಥವಿತ್ತು, ಈಗ ಆತುರವೆಂದಾಗಿದೆ. ತಕ್ಕ ಸಮಯ ಸಿಕ್ಕಿದೊಡನೆ ಆತುರಪಡುವುದು ಮನುಷ್ಯಸ್ವಭಾವವಾದುದರಿಂದ ಇರಬಹುದು. ಎಡೆಯೆಂಬ ಹಳಗನ್ನಡ ಶಬ್ದವು ಸ್ಥಳ, ನಡುವಣ ತೆರಪು, ಸಮಯಗಳನ್ನೆಲ್ಲ ಹೇಳುತ್ತಿದ್ದುದು, ಈಗ ಹೆಚ್ಚಾಗಿ ಎಲೆಯ ಮೇಲೆ ಬಡಿಸಿದ ನೈವೇದ್ಯದಲ್ಲಿ ಉಳಿದಿದೆ.

ಇನ್ನು ವಚನಗಳ ವಿಷಯಕ್ಕೆ ಬರೋಣ. 12ನೆಯ ಶತಮಾನದ ಶರಣರ ವಚನಗಳು ನಮಗೆ ದೊರೆತಿರುವುದು ಬಿಡಿ ಮುತ್ತುಗಳಾಗಿ. ಇಂಥ ದಿನ, ಇಂಥ ಸ್ಥಳದಲ್ಲಿ, ಇಂಥವರ ಮುಂದೆ ಆಡಿದ ಮಾತೆಂದು ವಚನದ ಮೈಮೇಲೆ ಬರೆದಿರುವುದಿಲ್ಲ. ಅಂಕಿತದಿಂದ ಯಾರ ವಚನವೆಂದು ತಿಳಿಯುತ್ತದೆ, ಅಷ್ಟೆ. ಸನ್ನಿವೇಶವು ಬಹುಪಾಲು ಕಳೆದುಹೋಗಿದೆ. ಬಿಡಿಯಾಗಿದ್ದ ಇವನ್ನು ಮುಂದಿನವರು ಎರಡು ಬಗೆಯಾಗಿ ಕೂಡಿಸಿದರು. ಈ ಎರಡರ ಭೇದವೇ ನಮ್ಮ ಪ್ರಕೃತ ವಿಚಾರದ ತಿರುಳು.

ಮೊದಲನೆಯದು ಸ್ಥಲಕಟ್ಟು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಆರು ಸ್ಥಲಗಳ ಕ್ರಮದಲ್ಲಿ, ಅಥವಾ ಅವನ್ನು ವಿಸ್ತರಿಸಿದ ನೂರೊಂದು ಸ್ಥಲಗಳ ಕ್ರಮದಲ್ಲಿ ವಚನಗಳನ್ನು ಜೋಡಿಸುವುದು. ಇದು ವಚನಕ್ಕೆ ಪ್ರಕರಣವನ್ನು ಕೊಡುತ್ತದೆ. ಈ ಮಾತು ಸಾಧನೆಯ ಯಾವ ಮೆಟ್ಟಿಲಿಗೆ ಸಂಬಂಧಿಸಿದುದು ಎಂಬ ಪ್ರಶ್ನೆಗೆ ಉತ್ತರವಿದು. ಯಾರಿಗೆ ಹೇಳಿದರು, ಎಂದು ಹೇಳಿದರು ಎಂಬುದಕ್ಕಲ್ಲ.

ಎರಡನೆಯದು ಶೂನ್ಯಸಂಪಾದನೆಯ ಮಾರ್ಗ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯಗಳು, ಅವರ ತರುವಾಯ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಹೀಗೆ ನಾಲ್ವರು ಈ ಮಹಾಕೃತಿಯನ್ನು ಪರಿಷ್ಕರಿಸಿದರು. ಪ್ರಭುದೇವರನ್ನು ನಡುವೆ ನಿಲ್ಲಿಸಿ, ಬಸವಣ್ಣ, ಚೆನ್ನಬಸವಣ್ಣ, ಸಿದ್ಧರಾಮ, ಮುಕ್ತಾಯಕ್ಕ, ಮಹಾದೇವಿಯಕ್ಕ ಮುಂತಾದವರೊಡನೆ ಸಂವಾದ ನಡೆದಂತೆ ವಚನಗಳನ್ನು ಎದುರುಬದುರಾಗಿ ಇಟ್ಟು, ನಡುನಡುವೆ ತಮ್ಮ ಗದ್ಯದಿಂದ ಬೆಸೆದರು. ಎಲ್ಲಿಯೋ ಬಿಡಿಯಾಗಿದ್ದ ಒಂದು ವಚನ ಪ್ರಶ್ನೆಯಾಯಿತು, ಇನ್ನೊಂದು ಉತ್ತರವಾಯಿತು. ಇದು ವಚನಕ್ಕೆ ಪ್ರಸಂಗವನ್ನು ಕೊಡುವ ಕೆಲಸ. ಶೂನ್ಯಸಂಪಾದನೆಯೆಂದರೆ ಸೊನ್ನೆಯನ್ನು ಗಳಿಸುವುದೇ ಎಂದು ನಗುವ ವಿದ್ಯಾರ್ಥಿಗಳಿದ್ದಾರೆ; ಶೂನ್ಯ ಮತ್ತು ಸಂಪಾದನೆ ಎರಡಕ್ಕೂ ಇಲ್ಲಿ ಬೇರೆ ಅರ್ಥವೆಂದು ತಿಳಿಸಬೇಕಾಗುತ್ತದೆ. ಆ ಹುಡುಗನಿಗೆ ನಾನು ಕೊಟ್ಟ ಸೊನ್ನೆಯೇ ನನಗೆ ಈ ಗ್ರಂಥವನ್ನು ಮತ್ತೆ ತೆಗೆಯುವಂತೆ ಮಾಡಿತು.

ಶೂನ್ಯಸಂಪಾದನೆಯ ಪ್ರಸಂಗಗಳು ಸಂಪಾದಕರು ಕಟ್ಟಿದವುಗಳೆಂದರೆ ಅದರ ಗೌರವಕ್ಕೆ ಕುಂದೆಂದು ಕೆಲವು ಭಕ್ತರು ನೊಂದುಕೊಳ್ಳುವುದನ್ನು ಕಂಡಿದ್ದೇನೆ. ನನ್ನ ಅಭಿಪ್ರಾಯ ಹಾಗಿಲ್ಲ. ವಚನಗಳನ್ನು ಅಷ್ಟು ಆಳವಾಗಿ ಬಲ್ಲವರು ಮಾತ್ರ ಅವನ್ನು ಹಾಗೆ ಎದುರುಬದುರಾಗಿ ನಿಲ್ಲಿಸಬಲ್ಲರು. ಟೀಕೆ ಬರೆಯುವ ಬದಲು ಸಂವಾದವನ್ನು ಕಟ್ಟಿ ಅರ್ಥ ಹೇಳಿದ ವ್ಯಾಖ್ಯಾನಕಾರರು ಅವರು. ಶರಣರಿಗೂ ಅವರಿಗೂ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವಿದೆಯೆಂಬುದನ್ನು ಮರೆಯದಿದ್ದರೆ ಸಾಕು. ಸಿದ್ಧರಾಮರ ಇಷ್ಟಲಿಂಗದೀಕ್ಷೆಯ ವಿಷಯದಲ್ಲಿ ಈ ಪರಿಷ್ಕರಣಗಳೆಲ್ಲ ಒಂದೇ ಮಾತನ್ನು ಆಡುವುದಿಲ್ಲವೆಂಬುದೂ ಪ್ರಸಂಗವು ಸಂಪಾದಕರ ಕೈಯಲ್ಲಿದ್ದುದಕ್ಕೆ ಸಾಕ್ಷಿ.

ಕವಿಗಳಲ್ಲಿಯೂ ಹೀಗೆಯೇ. ಹರಿಹರನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಅಕ್ಕನವರು ಕೌಶಿಕನನ್ನು ಮದುವೆಯಾಗಿ, ಅವನು ಮಾತಿಗೆ ತಪ್ಪಿದಾಗ ಬಿಟ್ಟುಹೋಗುತ್ತಾರೆ, ದಾರಿ ನೇರವಾಗಿ ಶ್ರೀಶೈಲಕ್ಕೆ. ಕಲ್ಯಾಣದಲ್ಲಿ ಪ್ರಭುದೇವರೊಡನೆ ನಡೆದ ಪ್ರಸಿದ್ಧ ಸಂವಾದ ಅಲ್ಲಿಲ್ಲ. 15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮದುವೆಯೇ ಆಗುವುದಿಲ್ಲ. ಪ್ರಭುದೇವರ ಕಥೆಯಲ್ಲಿಯೂ ಅಷ್ಟೇ ಭೇದ. ಹರಿಹರನ ಅಲ್ಲಮನು ಕಾಮಲತೆಯನ್ನು ಪ್ರೀತಿಸಿ, ಅವಳ ಸಾವಿನಿಂದ ಕಂಗೆಟ್ಟು, ಅನಿಮಿಷಯ್ಯನಿಂದ ಲಿಂಗವನ್ನು ಪಡೆದವನು. ಚಾಮರಸನ ಪ್ರಭುವನ್ನು ಮಾಯೆ ಮುಟ್ಟಲಾರಳು. ಹೀಗಿರುವಾಗ ಪತಿಯನ್ನು ತೊರೆದ ಮೇಲೆ ಅಕ್ಕ ಹೇಳಿದ ವಚನವಿದು ಎಂದು ಒಂದು ವಚನಕ್ಕೆ ಸಂದರ್ಭ ಬರೆದರೆ, ಅದು ಯಾವ ಕವಿಯ ಅಕ್ಕ ಎಂದು ಕೇಳಬೇಕಾಗುತ್ತದೆ.

ಈಗ ಬೆಟ್ಟ, ಕಡಲು, ಸಂತೆಗಳ ಆ ವಚನಕ್ಕೆ ಹಿಂದಿರುಗೋಣ. ದಾರಿಯ ಜನರಿಗೆ ಕೊಟ್ಟ ಉತ್ತರವೆಂದು ಅದನ್ನು ಓದಿದರೆ ಅದು ಎದುರಾಳಿಯ ಬಾಯಿ ಮುಚ್ಚಿಸುವ ಮಾತಾಗುತ್ತದೆ. ಆದರೆ ವಚನದ ಉಪದೇಶವೇ ಕೋಪವಿಲ್ಲದ ಸಮಾಧಾನ. ನಿಂದಿಸಿದವರಿಗೆ ತಿರುಗಿ ಉತ್ತರ ಕೊಡುತ್ತ, ನಿಂದೆಗೆ ಕದಲಬಾರದೆಂದು ಹೇಳುವುದರಲ್ಲಿ ಒಂದು ಎಡವಟ್ಟಿದೆ. ನಾನು ಬರೆಯಿಸಿದ ಟಿಪ್ಪಣಿ ಈ ಎಡವಟ್ಟನ್ನು ಅಕ್ಕನವರ ಮೇಲೆ ಹೊರಿಸಿತ್ತು. ವಚನದ ಒಳಗೆ ಅವರು ಕೇಳೆಂದು ಕರೆಯುವುದು ತಮ್ಮ ಚೆನ್ನಮಲ್ಲಿಕಾರ್ಜುನನನ್ನು. ಅಂಕಿತವು ಎಲ್ಲ ವಚನಗಳಲ್ಲಿಯೂ ಇರುವುದರಿಂದ ಅದೊಂದು ಮುದ್ರೆ ಮಾತ್ರ, ಅದರಿಂದ ಸಂಬೋಧನೆಯನ್ನು ನಿರ್ಣಯಿಸಬಾರದು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸಾಮಾನ್ಯವಾಗಿ ನ್ಯಾಯವಾದುದೇ. ಎಷ್ಟೋ ವಚನಗಳಲ್ಲಿ ಅಂಕಿತವನ್ನು ತೆಗೆದರೂ ವಾಕ್ಯಾನ್ವಯ ಕೆಡುವುದಿಲ್ಲ. ಇಲ್ಲಿ ಹಾಗಲ್ಲ, ಅಂಕಿತಕ್ಕೆ ಕೇಳುವ ಕ್ರಿಯೆ ಹೊಂದಿಕೊಂಡಿದೆ, ಅದನ್ನು ತೆಗೆದರೆ ಆ ಕ್ರಿಯೆ ಅನಾಥವಾಗುತ್ತದೆ. ಇದು ಹೊರಗಿನಿಂದ ಅಂಟಿದುದಲ್ಲ, ನೇಯ್ಗೆಯ ಎಳೆ. ಆದುದರಿಂದ ತಮ್ಮ ಮನಸ್ಸನ್ನು ತಾವೇ ಸಂತೈಸಿಕೊಳ್ಳುತ್ತ, ಅದಕ್ಕೆ ಇನಿಯನನ್ನು ಸಾಕ್ಷಿಯಾಗಿ ಕರೆಯುತ್ತಿರುವ ಧ್ವನಿ ನನಗೆ ಕೇಳಿಸುತ್ತದೆ. ಆಗ ಮೂರು ಮನೆಗಳ ದೃಷ್ಟಾಂತಗಳಲ್ಲಿಯೂ ನಿಂದಕರ ಮೇಲಿನ ಚುಚ್ಚು ಹೋಗಿ, ತನ್ನ ಭಯವನ್ನು ತಾನೇ ನೋಡಿ ನಗುವ ಧೈರ್ಯ ಕಾಣುತ್ತದೆ. ಲೋಕಕ್ಕೆಲ್ಲ ಹೇಳಿದ ನೀತಿಯೆಂದು ಓದುವವರನ್ನೂ ನಾನು ತಡೆಯುವುದಿಲ್ಲ. ವಚನದ ಮಾತುಗಳು ಅದಕ್ಕೂ ಎಡೆಗೊಡುತ್ತವೆ. ಉಡುತಡಿಯ ಬೀದಿಯನ್ನು ಮಾತ್ರ ಅವು ಹೇಳುವುದಿಲ್ಲ.

ಹೊರಗಿನದೆಲ್ಲವೂ ಬೇಡವೆಂದು ಇದರಿಂದ ತಿಳಿಯಬಾರದು. ಹಿನ್ನೆಲೆಯ ಅರಿವಿಲ್ಲದೆ ಶಬ್ದವೇ ತಿಳಿಯದು. ಸಮಯವೆಂಬ ಮಾತನ್ನು ಹಳೆಯ ಕನ್ನಡದಲ್ಲಿ ಮತ, ಪಂಥವೆಂಬ ಅರ್ಥದಲ್ಲಿ ಬಳಸುತ್ತಿದ್ದರು. ಜೈನಕವಿ ಬ್ರಹ್ಮಶಿವನ ‘ಸಮಯಪರೀಕ್ಷೆ’ ಮತಗಳ ಪರೀಕ್ಷೆಯೇ ಹೊರತು ಗಡಿಯಾರದ್ದಲ್ಲ. ಜಂಗಮವೆಂಬುದು ಒಂದು ಕಡೆ ಸ್ಥಾವರಕ್ಕೆ ವಿರುದ್ಧವಾದ ಚಲನೆ, ಇನ್ನೊಂದು ಕಡೆ ಊರೂರು ಸಂಚರಿಸುವ ಪೂಜ್ಯ ವ್ಯಕ್ತಿ, ಮತ್ತೊಂದು ಕಡೆ ಸಾಕ್ಷಾತ್ ಶಿವಸ್ವರೂಪ. ಬಸವಣ್ಣನವರ ಒಂದೊಂದು ವಚನದಲ್ಲಿ ಇವುಗಳಲ್ಲಿ ಯಾವುದೆಂಬುದನ್ನು ಬಿಜ್ಜಳನ ಕಾಲದ ಸಮಾಜವನ್ನೂ, ಆ ವಚನದ ಪೂರ್ವಾಪರವನ್ನೂ ಒಟ್ಟಿಗೆ ಹಿಡಿದು ನೋಡಿಯೇ ಹೇಳಬೇಕು. ಒಂದು ಸಾಲನ್ನು ಹರಿದುಕೊಂಡು ವಾದಕ್ಕಿಳಿಯುವ ಇಬ್ಬರು, ಒಂದೇ ವಚನದಿಂದ ಪರಸ್ಪರ ವಿರುದ್ಧವಾದ ಎರಡು ತೀರ್ಪುಗಳನ್ನು ತೆಗೆಯುವುದನ್ನು ಸಭೆಗಳಲ್ಲಿ ನಾವು ಕಂಡೇ ಇದ್ದೇವೆ.

ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದಾಗ ವಚನಗಳು ವಿಷಯಾನುಕ್ರಮದಲ್ಲಿ, ಅಂದರೆ ಪ್ರಕರಣಗಳಾಗಿ ನಾಡಿನ ಮುಂದೆ ಬಂದವು. 1993ರಲ್ಲಿ ಕರ್ನಾಟಕ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದ ‘ಸಮಗ್ರ ವಚನ ಸಂಪುಟ’ದಲ್ಲಿ ಅವು ವಚನಕಾರರ ಹೆಸರಿನಡಿ, ಸಂಖ್ಯೆ ಹೊತ್ತು ನಿಂತಿವೆ. ಈಗಿನ ವಿದ್ಯಾರ್ಥಿಗೆ ಇದೊಂದು ಅನುಕೂಲ: ಅದೇ ವಚನವನ್ನು ಒಮ್ಮೆ ಸಂಪುಟದಲ್ಲಿ ಒಂಟಿಯಾಗಿ, ಒಮ್ಮೆ ಸ್ಥಲದ ನಡುವೆ, ಒಮ್ಮೆ ಶೂನ್ಯಸಂಪಾದನೆಯ ಸಂವಾದದಲ್ಲಿ ಓದಿ, ಅರ್ಥ ಎಲ್ಲಿ ಹೇಗೆ ಹೊರಳಿತೆಂದು ನೋಡಬಹುದು. ಒಂಟಿಯಾದ ವಚನವನ್ನೇ ಮೊದಲು ಓದುವುದು ಲೇಸು. ಪ್ರಸಂಗವನ್ನು ಮೊದಲು ಓದಿದರೆ ಅದು ಮನಸ್ಸಿನಿಂದ ಬಿಟ್ಟುಹೋಗುವುದಿಲ್ಲ.

ನಿವೃತ್ತನಾದ ಮೇಲೆ ಭಾನುವಾರಗಳಂದು ಉಚಿತ ಪ್ರಸಾದನಿಲಯವೊಂದರ ಮಕ್ಕಳಿಗೆ ವಚನಗಳನ್ನು ಹೇಳಿಕೊಡುತ್ತಿದ್ದೇನೆ. ಇದನ್ನೆಲ್ಲ ವಿವರಿಸಿದ ದಿನ ಒಬ್ಬ ಬಾಲಕಿ, ‘ಅಜ್ಜಾರ, ಹಂಗಾದ್ರ ಪರೀಕ್ಷಾದಾಗ ಸಂದರ್ಭ ಅಂತ ಏನ್ ಬರೀಬೇಕ್ರಿ?’ ಎಂದು ಕೇಳಿದಳು. ಮೊದಲು ವಚನವು ಯಾರನ್ನು ಕರೆದು ಮಾತನಾಡುತ್ತಿದೆ, ಯಾವುದರ ಬಗೆಗೆ ಮಾತನಾಡುತ್ತಿದೆ ಎಂಬುದನ್ನು ಬರೆ. ಆಮೇಲೆ ಇಂಥ ಕವಿ ಅಥವಾ ಇಂಥ ಸಂಪಾದಕರು ಇದನ್ನು ಇಂಥ ಪ್ರಸಂಗದಲ್ಲಿ ಇಟ್ಟಿದ್ದಾರೆಂದು ಗೊತ್ತಿದ್ದರೆ ಅವರ ಹೆಸರಿನೊಡನೆ ಬರೆ. ಗೊತ್ತಿಲ್ಲದಿದ್ದರೆ ಬಿಡು ಎಂದೆನು. ‘ಮಾರ್ಕ್ಸ್ ಕಡಿಮಿ ಕೊಟ್ರ?’ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಕೊಟ್ಟಿದ್ದವನೇ ಅಲ್ಲವೆ? ಆ ಹುಡುಗನ ಕಥೆಯನ್ನು ಅವಳಿಗೆ ಹೇಳಿದೆನು.